ಖಯೆಲಿತ್ಶಾದ ಮಹಿಳೆಯರಿಗಾಗಿ ಸಮುದಾಯ ಬಾನುಲಿಯಲ್ಲಿ ಎಚ್‌ಐವಿ ತಡೆ ಕಾರ್ಯಕ್ರಮ: ಏನನ್ನು ಹೇಳಬೇಕು, ಯಾರು ಹೇಳಬೇಕು?

ಪ್ರಶ್ನೆ: ಕೇಪ್‌ಟೌನ್ ಕನ್ನಡತಿ

ಮಾನ್ಯ ಸದಸ್ಯರಿಗೆ ನಮಸ್ಕಾರ. ಸಮಾಜಕಾರ್ಯ ಓದಿಕೊಂಡು, ಮದುವೆಯ ನಂತರ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ಗೆ ಬಂದು ನೆಲೆಸಿರುವ ನಾನು ಇಲ್ಲಿನ ಖಯೆಲಿತ್ಶಾ ಬಡಾವಣೆಯ ಒಂದು ಮಹಿಳಾ ಗುಂಪಿನೊಡನೆ ಸ್ವಯಂಸೇವಕಿಯಾಗಿ ಕೆಲಸ ಮಾಡುತ್ತಿದ್ದೇನೆ. ವರ್ಣಭೇದ ನೀತಿಯ ಕೊನೆಯ ದಶಕದಲ್ಲಿ ಕಪ್ಪುಜನರನ್ನು ನಗರದಿಂದ ದೂರ ಇರಿಸುವ ಸಲುವಾಗಿ ಮರಳು ನೆಲದ ಮೇಲೆ ಎಬ್ಬಿಸಿದ ಈ ಬಡಾವಣೆಯಲ್ಲಿ 2011ರ ಜನಗಣತಿಯ ವೇಳೆಗೇ ಸುಮಾರು 3.9 ಲಕ್ಷ ಜನರಿದ್ದರು. ಬಹುಪಾಲು ಮನೆಗಳಲ್ಲಿ ಆಡುವ ಮಾತು ಖೋಸಾ.

ದೇಶದ ಸ್ಥಿತಿಯನ್ನು ಅರಿಯಲು ಒಂದೇ ಅಂಕಿ ಸಾಕೆನಿಸುತ್ತದೆ. 2017ರ ರಾಷ್ಟ್ರೀಯ ಸಮೀಕ್ಷೆಯಂತೆ 15ರಿಂದ 49ರ ವಯೋಮಾನದ ಮಹಿಳೆಯರಲ್ಲಿ ಶೇ. 26.3ರಷ್ಟು ಮಂದಿಗೆ ಎಚ್‌ಐವಿ ಸೋಂಕಿತ್ತು. ಅದೇ ವಯಸ್ಸಿನ ಪುರುಷರಲ್ಲಿ ಈ ಪ್ರಮಾಣ ಶೇ. 14.8. ಈ ಹೊರೆಯ ಬಹುಭಾಗವನ್ನು ಹೊತ್ತವರು ಕಪ್ಪುವರ್ಣೀಯ ಮಹಿಳೆಯರು, ಅವರಲ್ಲಿಯೂ ಇಪ್ಪತ್ತರ ಆಸುಪಾಸಿನ ಹೆಣ್ಣುಮಕ್ಕಳು.

ನಮ್ಮ ಗುಂಪಿಗೆ ಈಗ ಸ್ಥಳೀಯ ಸಮುದಾಯ ಬಾನುಲಿಯೊಂದರಲ್ಲಿ ವಾರಕ್ಕೆ ಅರ್ಧ ಗಂಟೆಯ ಅವಕಾಶ ದೊರೆತಿದೆ. ಹಿತೈಷಿಗಳು ಸಿದ್ಧಪಡಿಸಿಕೊಟ್ಟಿರುವ ಕರಡು ಹೀಗಿದೆ: ಮೊದಲ ಹದಿನೈದು ನಿಮಿಷ ವೈದ್ಯರೊಬ್ಬರ ಭಾಷಣ, ಬಳಿಕ ಕೇಳುಗರ ದೂರವಾಣಿ ಪ್ರಶ್ನೆಗಳು, ಕೊನೆಗೆ ಸಂಯಮ, ನಿಷ್ಠೆ, ಕಾಂಡೋಮ್ ಎಂಬ ಮೂರು ಮಾತುಗಳ ಘೋಷಣೆ. ಕರಡನ್ನು ಗುಂಪಿನ ಸಭೆಯಲ್ಲಿ ಓದಿದಾಗ ಹೆಂಗಸರು ಸಭ್ಯತೆಯಿಂದ ತಲೆಯಾಡಿಸಿದರು, ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆ ಮೌನವೇ ನನ್ನನ್ನು ಇಲ್ಲಿ ಬರೆಯುವಂತೆ ಮಾಡಿದೆ.

ಇಂತಹ ಕಾರ್ಯಕ್ರಮದಿಂದ ನಿಜವಾಗಿ ಪ್ರಯೋಜನವಾಗುತ್ತದೆಯೇ, ಆಗುವುದಾದರೆ ಅದರ ತಿರುಳು ಏನಾಗಿರಬೇಕು, ಖೋಸಾ ಭಾಷೆಯನ್ನು ಅರೆಬರೆ ಬಲ್ಲ ನನ್ನಂತಹ ಹೊರಗಿನವಳ ಪಾತ್ರ ಎಷ್ಟರ ಮಟ್ಟಿಗೆ ಇರಬೇಕು ಎಂಬುದನ್ನು ಬಾನುಲಿಯಲ್ಲಿಯೋ ಆರೋಗ್ಯ ಕ್ಷೇತ್ರದಲ್ಲಿಯೋ ಅನುಭವವುಳ್ಳವರು ತಿಳಿಸಿಕೊಡಬೇಕಾಗಿ ವಿನಂತಿ.

ಉತ್ತರ 1: ಬಾನುಲಿ ಹಳಬ, ಬೆಂಗಳೂರು

ಮೇಡಂ, ನಿಮ್ಮ ಕೊನೆಯ ಪ್ರಶ್ನೆಯಿಂದ ಪ್ರಾರಂಭಿಸುತ್ತೇನೆ. ನೀವಿರುವ ಜಾಗ ಈ ವಿಷಯದಲ್ಲಿ ಯಾರಿಂದಲೂ ಪಾಠ ಕಲಿಯಬೇಕಾದ ಜಾಗವಲ್ಲ. ಖಯೆಲಿತ್ಶಾದ ರೇಡಿಯೋ ಜಿಬೊನೆಲೆ 1990ರ ದಶಕದ ಮೊದಲ ಭಾಗದಲ್ಲಿ, ಪರವಾನಗಿ ಕೈಗೆ ಬರುವ ಮುನ್ನವೇ, ಬಡಾವಣೆಯ ಆರೋಗ್ಯ ಕಾರ್ಯಕರ್ತರಿಂದ ಒಂದು ಚಿಕಿತ್ಸಾಲಯದಲ್ಲಿ ಹುಟ್ಟಿಕೊಂಡದ್ದು. ಮಕ್ಕಳಿಗೆ ಭೇದಿಯಾದಾಗ ಏನು ಮಾಡಬೇಕು, ಕ್ಷಯಕ್ಕೆ ಮಾತ್ರೆಯನ್ನು ಎಲ್ಲಿಯವರೆಗೆ ನುಂಗಬೇಕು ಎಂಬಂತಹ ಮಾತುಗಳನ್ನು ಮನೆ ಮನೆಗೆ ಹೋಗಿ ಹೇಳಿ ದಣಿದವರು ಅದನ್ನೇ ಗಾಳಿಯಲ್ಲಿ ಹರಿಯಬಿಟ್ಟರು. ಕೇಪ್‌ಟೌನ್‌ನ ಬುಷ್ ರೇಡಿಯೋ ಸಹ ಅದೇ ಕಾಲದಲ್ಲಿ, 1993ರಲ್ಲಿ, ಅನುಮತಿ ಇಲ್ಲದೆಯೇ ಪ್ರಸಾರ ಮಾಡಿತು. ಸರ್ಕಾರಿ ಮತ್ತು ವಾಣಿಜ್ಯ ಬಾನುಲಿಗಳ ಜೊತೆಗೆ ಸಮುದಾಯ ಬಾನುಲಿ ಎಂಬ ಪ್ರತ್ಯೇಕ ವರ್ಗವನ್ನು ಆ ವರ್ಷದ ಕಾಯ್ದೆ ಗುರುತಿಸಿದ ಮೇಲೆ ಇಂತಹ ಕೇಂದ್ರಗಳಿಗೆ ಪರವಾನಗಿ ಸಿಗಲಾರಂಭಿಸಿತು. ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಪ್ರಾರಂಭವಾದಾಗ ಪ್ರಸಾರದ ಪರವಾನಗಿ ಸಿಗುವಂತಿರಲಿಲ್ಲವಾದ್ದರಿಂದ ಧ್ವನಿಯನ್ನು ಕೇಬಲ್ ಮೂಲಕ ಮನೆಗಳಿಗೆ ಮುಟ್ಟಿಸಬೇಕಾಯಿತು. ಅಲ್ಲಿಯೂ ಏನು ಪ್ರಸಾರವಾಗಬೇಕೆಂಬ ಚರ್ಚೆಯಲ್ಲಿ ಸ್ವಸಹಾಯ ಸಂಘಗಳ ಹೆಂಗಸರು ಮುಂದಿದ್ದರು. ಹಾಗಾಗಿ ನಿಮ್ಮ ಪಾತ್ರ ಧ್ವನಿಮುದ್ರಣದ ಏರ್ಪಾಡು, ಚಿಕಿತ್ಸಾಲಯದೊಡನೆ ಮಾತುಕತೆ, ಮಾಹಿತಿಯ ತಪಾಸಣೆ ಇಷ್ಟಕ್ಕೆ ನಿಲ್ಲಲಿ. ಮೈಕಿನ ಮುಂದೆ ಆ ಹೆಂಗಸರೇ ಕುಳಿತುಕೊಳ್ಳಲಿ.

ಇನ್ನು ತಿರುಳಿನ ವಿಷಯ. ಸಂಯಮ, ನಿಷ್ಠೆ, ಕಾಂಡೋಮ್ ಎಂಬ ಘೋಷಣೆ ಮೇಲ್ನೋಟಕ್ಕೆ ಎಲ್ಲರಿಗೂ ಸಮನಾಗಿ ಅನ್ವಯಿಸುವಂತೆ ಕಂಡರೂ ಮೂರರಲ್ಲಿ ಒಂದರ ಮೇಲೂ ಹೆಣ್ಣಿಗೆ ಪೂರ್ಣ ಅಧಿಕಾರವಿಲ್ಲ. ಒತ್ತಾಯ ಇರುವಲ್ಲಿ ಸಂಯಮ ಅವಳ ಕೈಯಲ್ಲಿಲ್ಲ; ತಾನು ನಿಷ್ಠಳಾಗಿದ್ದರೂ ಗಂಡನ ಸೋಂಕು ಅವಳನ್ನು ಮುಟ್ಟುತ್ತದೆ; ಕಾಂಡೋಮ್ ಧರಿಸುವವನು ಗಂಡಸು. ನಿಮ್ಮ ಸಭೆಯ ಮೌನಕ್ಕೆ ಇದೇ ಕಾರಣವಿರಬಹುದು ಎಂದು ನನ್ನ ಊಹೆ. ಈ ಮಾತುಗಳನ್ನು ಅವರು ಎರಡು ದಶಕಗಳಿಗೂ ಮಿಗಿಲಾಗಿ ಕೇಳುತ್ತ ಬಂದಿದ್ದಾರೆ.

ಈಗ ಪರಿಸ್ಥಿತಿ ಬದಲಾಗಿದೆ, ಆ ಬದಲಾವಣೆಯೇ ನಿಮ್ಮ ಕಾರ್ಯಕ್ರಮದ ಕೇಂದ್ರವಾಗಬೇಕು. ಸೋಂಕು ತಗಲುವ ಮುನ್ನವೇ ಅದನ್ನು ತಡೆಯುವುದಕ್ಕಾಗಿ ದಿನಕ್ಕೊಂದು ನುಂಗುವ ಪ್ರೆಪ್ ಮಾತ್ರೆಗೆ ದಕ್ಷಿಣ ಆಫ್ರಿಕಾ 2015ರ ಕೊನೆಯಲ್ಲಿ ಅನುಮತಿ ನೀಡಿತು. ಯೋನಿಯೊಳಗೆ ಇರಿಸಿಕೊಂಡು ತಿಂಗಳಿಗೊಮ್ಮೆ ಬದಲಿಸಿಕೊಳ್ಳುವ ಡಾಪಿವಿರಿನ್ ಉಂಗುರಕ್ಕೆ 2022ರಲ್ಲಿ ಅನುಮತಿ ದೊರೆಯಿತು. ಎರಡು ತಿಂಗಳಿಗೊಮ್ಮೆ ಪಡೆಯುವ ಕ್ಯಾಬೊಟೆಗ್ರವಿರ್ ಚುಚ್ಚುಮದ್ದು ಮಾತ್ರೆಗಿಂತಲೂ ಮಹಿಳೆಯರನ್ನು ಬಹಳ ಹೆಚ್ಚಾಗಿ ರಕ್ಷಿಸುತ್ತದೆಂದು ಆಫ್ರಿಕಾದ ಏಳು ದೇಶಗಳಲ್ಲಿ ನಡೆದ ಪರೀಕ್ಷೆ ತೋರಿಸಿತು. ಆರು ತಿಂಗಳಿಗೊಮ್ಮೆ ಕೊಡುವ ಲೆನಕಾಪವಿರ್‌ನ ಫಲಿತಾಂಶ 2024ರಲ್ಲಿ ಹೊರಬಿದ್ದಾಗ ಅದನ್ನು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗಲಿರಲಿಲ್ಲ. ಇವೆಲ್ಲವುಗಳ ಸಾಮಾನ್ಯ ಗುಣವೆಂದರೆ ಗಂಡಸಿನ ಒಪ್ಪಿಗೆಯನ್ನು ಕೇಳದೆ, ಬೇಕಾದರೆ ಅವನ ಅರಿವಿಗೂ ಬಾರದಂತೆ, ಹೆಣ್ಣು ತಾನೇ ತೀರ್ಮಾನಿಸಬಹುದು ಎಂಬುದು.

ಆದರೆ ಔಷಧ ಇದೆ ಎಂದ ಮಾತ್ರಕ್ಕೆ ಬಳಕೆಯಾಗುವುದಿಲ್ಲ. ದಕ್ಷಿಣ ಆಫ್ರಿಕಾ, ಉಗಾಂಡ ಮತ್ತು ಜಿಂಬಾಬ್ವೆಗಳ 5,029 ಮಹಿಳೆಯರು ಪಾಲ್ಗೊಂಡಿದ್ದ ‘ವಾಯ್ಸ್’ ಎಂಬ ಪರೀಕ್ಷೆಯ ಫಲಿತಾಂಶ 2013ರಲ್ಲಿ ಬಂದಾಗ ಅದರಲ್ಲಿ ಕೊಟ್ಟಿದ್ದ ಪ್ರೆಪ್ ಮಾತ್ರೆಗಳಾಗಲೀ ಯೋನಿಯೊಳಗೆ ಹಚ್ಚುವ ಲೇಪನವಾಗಲೀ ಸೋಂಕನ್ನು ತಡೆದಿರಲಿಲ್ಲ. ತಾವು ತಪ್ಪದೆ ಬಳಸುತ್ತಿರುವುದಾಗಿ ಬಹುಪಾಲು ಮಹಿಳೆಯರು ಹೇಳಿದ್ದರೂ ರಕ್ತವನ್ನು ಪರೀಕ್ಷಿಸಿದಾಗ ಮೂರನೆಯ ಒಂದಕ್ಕಿಂತ ಕಡಿಮೆ ಮಾದರಿಗಳಲ್ಲಿ ಮಾತ್ರ ಔಷಧದ ಅಂಶ ಕಂಡುಬಂದಿತ್ತು. ಆಮೇಲೆ ಅವರೊಡನೆ ಮಾತನಾಡಿದಾಗ ಕಾರಣಗಳು ಒಂದೊಂದಾಗಿ ಹೊರಬಂದವು: ಮಾತ್ರೆಯ ಡಬ್ಬಿ ನೋಡಿದವರು ಇವಳಿಗೇ ರೋಗವಿದೆ ಎಂದುಕೊಳ್ಳುತ್ತಾರೆಂಬ ಅಂಜಿಕೆ, ಸಂಗಾತಿಯ ಅನುಮಾನ, ಆರೋಗ್ಯವಾಗಿರುವವಳು ಔಷಧವನ್ನೇಕೆ ನುಂಗಬೇಕೆಂಬ ಗೊಂದಲ. ಬಾನುಲಿಗೆ ನಿಜವಾದ ಕೆಲಸವಿರುವುದು ಇಲ್ಲಿ. ಹದಿನೈದು ನಿಮಿಷ ವೈದ್ಯರು ವೈರಾಣುವಿನ ಬಗ್ಗೆ ಹೇಳುವುದಕ್ಕಿಂತ, ಡಬ್ಬಿಯನ್ನು ಎಲ್ಲಿಡುತ್ತೀರಿ, ಅತ್ತೆ ಕೇಳಿದರೆ ಏನೆನ್ನುತ್ತೀರಿ ಎಂಬುದನ್ನು ಇಬ್ಬರು ಗೆಳತಿಯರು ಮಾತನಾಡಿಕೊಳ್ಳುವ ಐದು ನಿಮಿಷ ಹೆಚ್ಚು ಉಪಯುಕ್ತ.

ಇನ್ನೊಂದು ಸಂಗತಿಯನ್ನು ನೀವು ಕಡ್ಡಾಯವಾಗಿ ಗಮನಿಸಬೇಕು. ದೂರವಾಣಿ ಪ್ರಶ್ನೆಗಳನ್ನು ನೇರ ಪ್ರಸಾರ ಮಾಡಬೇಡಿ. 1998ರ ಡಿಸೆಂಬರ್‌ನಲ್ಲಿ, ವಿಶ್ವ ಏಡ್ಸ್ ದಿನದ ಸಂದರ್ಭದಲ್ಲಿ, ಡರ್ಬನ್ ಸಮೀಪದ ಗುಗು ದ್ಲಾಮಿನಿ ಅವರು ತಮಗೆ ಸೋಂಕಿರುವುದನ್ನು ಜುಲು ಭಾಷೆಯ ಬಾನುಲಿಯಲ್ಲಿ ಬಹಿರಂಗವಾಗಿ ಹೇಳಿದರು. ಅದಾಗಿ ಕೆಲವೇ ದಿನಗಳಲ್ಲಿ ಅವರು ವಾಸವಿದ್ದ ಪ್ರದೇಶದ ಗುಂಪೊಂದು ಅವರನ್ನು ಹೊಡೆದು ಕೊಂದಿತು. ಆ ಕೊಲೆಯ ನಂತರವೇ ‘ಎಚ್‌ಐವಿ ಪಾಸಿಟಿವ್’ ಎಂದು ಎದೆಯ ಮೇಲೆ ಬರೆದ ಟಿ-ಶರ್ಟ್‌ಗಳನ್ನು ಸೋಂಕಿರುವವರೂ ಇಲ್ಲದವರೂ ಒಟ್ಟಿಗೆ ಧರಿಸುವ ಪರಿಪಾಠ ಬಂದಿತು. ಕಾಲ ಬದಲಾಗಿದೆ, ನಿಜ. ಆದರೂ ಕೆಲವೇ ಕಿಲೋಮೀಟರ್ ವ್ಯಾಪ್ತಿಯ ಕೇಂದ್ರದಲ್ಲಿ ಹೆಸರು ಬದಲಾಯಿಸಿದರೂ ಧ್ವನಿ ಗುರುತು ಸಿಗುತ್ತದೆ. ಪ್ರಶ್ನೆಗಳನ್ನು ಮೊದಲೇ ಪಡೆದುಕೊಂಡು, ಗುರುತಿನ ವಿವರಗಳನ್ನು ತೆಗೆದು, ಬೇರೊಬ್ಬರ ದನಿಯಲ್ಲಿ ಓದಿಸುವುದು ಲೇಸು. ಕರೆಯ ಖರ್ಚೂ ಅಡ್ಡಿಯಾಗುತ್ತದೆ. ‘ಪ್ಲೀಸ್ ಕಾಲ್ ಮಿ’ ಎಂಬ ಉಚಿತ ಸಂದೇಶ ನಿಮ್ಮಲ್ಲಿ ಮನೆಮಾತು. ಕೇಳುಗರು ಅದನ್ನು ಕಳಿಸಿದರೆ ಕೇಂದ್ರದವರೇ ಕರೆ ಮಾಡಿ ಪ್ರಶ್ನೆ ಬರೆದುಕೊಳ್ಳುವ ಏರ್ಪಾಡಾಗಲಿ.

ಉತ್ತರ 2: ಹುಬ್ಬಳ್ಳಿ ವೈದ್ಯ

ಮೇಲಿನ ಮಹನೀಯರ ಮಾತುಗಳನ್ನು ಗೌರವಿಸುತ್ತಲೇ ಒಂದು ಆಕ್ಷೇಪವನ್ನು ದಾಖಲಿಸಬೇಕೆನಿಸುತ್ತದೆ. ಬಾನುಲಿ ಎಷ್ಟೇ ಚೆನ್ನಾಗಿ ಮಾತನಾಡಿದರೂ ಕೇಳುವವಳ ಬಾಡಿಗೆ, ಮಕ್ಕಳ ಶಾಲೆ, ಹೊಟ್ಟೆಯ ಪಾಡು ಬದಲಾಗುವುದಿಲ್ಲ. ದಕ್ಷಿಣ ಆಫ್ರಿಕಾದ ಲಿಂಪೊಪೊ ಪ್ರಾಂತ್ಯದಲ್ಲಿ ಬಡ ಮಹಿಳೆಯರಿಗೆ ಕಿರುಸಾಲವನ್ನೂ ಅದರೊಡನೆ ಲಿಂಗ ಸಮಾನತೆಯ ತರಬೇತಿಯನ್ನೂ ನೀಡಿದ ‘ಇಮೇಜ್’ ಎಂಬ ಅಧ್ಯಯನದಲ್ಲಿ ಎರಡು ವರ್ಷಗಳೊಳಗೆ ಸಂಗಾತಿಯಿಂದಾಗುವ ಹಿಂಸೆ ಶೇ. 55ರಷ್ಟು ಇಳಿಯಿತು. ಅಷ್ಟು ದೊಡ್ಡ ಬದಲಾವಣೆಯಾಗಿಯೂ ಹೊಸ ಎಚ್‌ಐವಿ ಸೋಂಕಿನ ಪ್ರಮಾಣದಲ್ಲಿ ಇಳಿಕೆ ಕಾಣಿಸಲಿಲ್ಲ. ಕೈಗೆ ಹಣ ಕೊಟ್ಟು ಮುಖಾಮುಖಿ ಕಲಿಸಿದ ಕೆಲಸದ ಫಲಿತಾಂಶವೇ ಹೀಗಿರುವಾಗ ಅರ್ಧ ಗಂಟೆಯ ಬಾನುಲಿಯಿಂದ ಸೋಂಕು ಇಳಿಯುತ್ತದೆಂದು ಯಾರಿಗೂ, ಅದರಲ್ಲಿಯೂ ಹಣ ಕೊಡುವವರಿಗೆ, ಭರವಸೆ ನೀಡಬೇಡಿ.

ಎರಡನೆಯದಾಗಿ, ಚಿಕಿತ್ಸಾಲಯದಲ್ಲಿ ಇಲ್ಲದ್ದನ್ನು ಗಾಳಿಯಲ್ಲಿ ಹೊಗಳಬಾರದು. ಉಂಗುರವನ್ನೂ ಚುಚ್ಚುಮದ್ದನ್ನೂ ವರ್ಣಿಸಿ, ಕೇಳಿದವಳು ಕೂಲಿ ಬಿಟ್ಟು ಸರದಿಯಲ್ಲಿ ನಿಂತು, ಕೊನೆಗೆ ಇಲ್ಲವೆನಿಸಿಕೊಂಡು ಹಿಂದಿರುಗಿದರೆ ಅವಳು ಬಾನುಲಿಯನ್ನೂ ನಂಬುವುದಿಲ್ಲ, ಚಿಕಿತ್ಸಾಲಯವನ್ನೂ ನಂಬುವುದಿಲ್ಲ. ದಕ್ಷಿಣ ಆಫ್ರಿಕಾದ ಎಚ್‌ಐವಿ ವೆಚ್ಚದಲ್ಲಿ ಸುಮಾರು ಶೇ. 17ರಷ್ಟು ಅಮೆರಿಕದ ನೆರವಿನಿಂದ ಬರುತ್ತಿತ್ತು. 2025ರ ಆರಂಭದಲ್ಲಿ ಆ ನೆರವಿಗೆ ಕತ್ತರಿ ಬಿದ್ದಾಗ ಕೆಲಸ ಕಳೆದುಕೊಂಡವರಲ್ಲಿ ಮನೆ ಮನೆಗೆ ಹೋಗಿ ಮಾತನಾಡುವ ಕಾರ್ಯಕರ್ತೆಯರೇ ಬಹಳ ಮಂದಿ. ಪ್ರತಿ ಕಂತಿನ ಮುನ್ನ ಹತ್ತಿರದ ಚಿಕಿತ್ಸಾಲಯದ ದಾದಿಯನ್ನು ಕೇಳಿ, ಆ ವಾರ ಏನಿದೆ, ಯಾವ ದಿನ ಸಿಗುತ್ತದೆ ಎಂಬುದನ್ನು ಖಚಿತಪಡಿಸಿಕೊಂಡು ಅಷ್ಟನ್ನೇ ಹೇಳುವುದು ವಿವೇಕ.

ವೈದ್ಯರ ಭಾಷಣವನ್ನು ಪೂರ್ತಿ ಕೈಬಿಡುವುದನ್ನೂ ನಾನು ಒಪ್ಪಲಾರೆ. 2000ದ ಆಸುಪಾಸಿನಲ್ಲಿ ಅದೇ ದೇಶದ ಅಧ್ಯಕ್ಷರು ಎಚ್‌ಐವಿಯಿಂದಲೇ ಏಡ್ಸ್ ಬರುತ್ತದೆಯೇ ಎಂದು ಸಂಶಯಪಟ್ಟರು, ಆರೋಗ್ಯ ಸಚಿವರು ಬೆಳ್ಳುಳ್ಳಿ ಮತ್ತು ಬೀಟ್‌ರೂಟ್ ತಿನ್ನಲು ಸಲಹೆ ನೀಡಿದರು. ಅಂದಿನ ಗೊಂದಲ ಇಂದಿಗೂ ಕೆಲವರ ಮನಸ್ಸಿನಲ್ಲಿ ಉಳಿದಿದ್ದರೆ ಆಶ್ಚರ್ಯವಿಲ್ಲ. ಐದು ನಿಮಿಷವಾದರೂ ಸರಿಯಾದ ವೈದ್ಯಕೀಯ ಮಾತು ಇರಲಿ, ಅದನ್ನು ಖೋಸಾ ಬಲ್ಲ ದಾದಿಯೇ ಹೇಳಲಿ.

ಕೇಪ್‌ಟೌನ್ ಕನ್ನಡತಿ

ಇಬ್ಬರಿಗೂ ಕೃತಜ್ಞತೆಗಳು. ಮೇಲಿನ ಮಾತುಗಳಲ್ಲಿ ಕೆಲವನ್ನು ಗುಂಪಿನ ಮುಂದಿಟ್ಟೆ. ಮಾತ್ರೆಯ ಡಬ್ಬಿಯ ಪ್ರಸ್ತಾಪ ಬಂದೊಡನೆ ಎಲ್ಲರೂ ಒಟ್ಟಿಗೆ ಮಾತನಾಡತೊಡಗಿದರು. ಅಲುಗಾಡಿಸಿದರೆ ಸದ್ದಾಗುತ್ತದೆಂದು ಡಬ್ಬಿಯೊಳಗೆ ಹತ್ತಿ ತುರುಕುವ ಉಪಾಯವನ್ನು ಒಬ್ಬರು ವಿವರಿಸಿದರು. ಆದರೆ ಒಂದು ವಿಷಯದಲ್ಲಿ ಅವರಲ್ಲಿಯೇ ಭಿನ್ನಾಭಿಪ್ರಾಯವಿದೆ. ಹಣ, ಫೋನು, ಕಾಲೇಜಿನ ಶುಲ್ಕ ಕೊಡುವ ಹಿರಿಯ ವಯಸ್ಸಿನ ಗಂಡಸರನ್ನು ಇಲ್ಲಿ ‘ಬ್ಲೆಸರ್’ ಎನ್ನುತ್ತಾರೆ. ಈ ಸಂಬಂಧಗಳ ಬಗ್ಗೆ ಬಾಯಿಬಿಟ್ಟು ಮಾತನಾಡಲೇಬೇಕು ಎಂದು ಕಿರಿಯರು, ಮಾತನಾಡಿದರೆ ನಮ್ಮ ಹೆಣ್ಣುಮಕ್ಕಳ ಮೇಲೆಯೇ ಊರು ಬೆರಳು ತೋರಿಸುತ್ತದೆ ಎಂದು ಹಿರಿಯರು. ಇದಲ್ಲದೆ ಒಂದೇ ಕೋಣೆಯ ಮನೆಗಳಲ್ಲಿ ಸಂಜೆ ಬಾನುಲಿಯನ್ನು ಗಂಡಸರೂ ಕೇಳುತ್ತಿರುತ್ತಾರೆ. ಸಮಯವನ್ನು ಬದಲಾಯಿಸಬೇಕೇ?

ಉತ್ತರ 3: ಅಟ್ಲಾಂಟಾದಲ್ಲಿರುವ ದಾದಿ

ಸಹೋದರಿ, ನಾನು ಅಮೆರಿಕದ ದಕ್ಷಿಣ ಭಾಗದಲ್ಲಿ ಕೆಲಸ ಮಾಡುವವಳಾದ್ದರಿಂದ ಇಲ್ಲಿನ ಕಪ್ಪುವರ್ಣೀಯ ಮಹಿಳೆಯರ ದೃಷ್ಟಿಯಿಂದ ನೋಡಿದ್ದನ್ನು ಹೇಳುತ್ತೇನೆ. ದೇಶದ ಮಹಿಳೆಯರಲ್ಲಿ ಕಪ್ಪುವರ್ಣೀಯರು ಏಳೆಂಟು ಮಂದಿಗೆ ಒಬ್ಬರಷ್ಟೇ ಇದ್ದರೂ ಮಹಿಳೆಯರಲ್ಲಿ ಪತ್ತೆಯಾಗುವ ಹೊಸ ಎಚ್‌ಐವಿ ಪ್ರಕರಣಗಳಲ್ಲಿ ಅರ್ಧದಷ್ಟು ಅವರವೇ. ಅದಕ್ಕೆ ಅವರ ನಡವಳಿಕೆ ಕಾರಣವೆಂದು ಹೇಳುವವರು ಬಹಳ ಮಂದಿ. ಬಡತನ, ವಿಮೆ ಇಲ್ಲದಿರುವುದು, ಸೋಂಕು ಆಗಲೇ ದಟ್ಟವಾಗಿರುವ ಸಮುದಾಯದೊಳಗೇ ಸಂಗಾತಿಯನ್ನು ಹುಡುಕಿಕೊಳ್ಳಬೇಕಾದ ಸ್ಥಿತಿ ಇವು ನಿಜವಾದ ಕಾರಣಗಳು.

ಇಲ್ಲಿ ಬಾನುಲಿಗೆ ಕಪ್ಪುವರ್ಣೀಯರ ನಡುವೆ ಹಳೆಯ ಬೇರುಗಳಿವೆ. ಕಪ್ಪುವರ್ಣೀಯರೊಬ್ಬರ ಒಡೆತನಕ್ಕೆ ಬಂದ ದೇಶದ ಮೊದಲ ಬಾನುಲಿ ಕೇಂದ್ರ ಡಬ್ಲ್ಯುಇಆರ್‌ಡಿ ಇದೇ ಅಟ್ಲಾಂಟಾದಲ್ಲಿ 1949ರಲ್ಲಿ ಕೆಲಸ ಆರಂಭಿಸಿತು. ಇಂದು ಉಳಿದಿರುವ ದೊಡ್ಡ ಕೇಂದ್ರಗಳು ವಾಣಿಜ್ಯದವು, ಆರೋಗ್ಯದ ಮಾತು ಜಾಹೀರಾತಿನ ಅಳತೆಗೆ ಕುಗ್ಗುತ್ತದೆ. 2000ದಿಂದ ಅವಕಾಶ ದೊರೆತ 100 ವಾಟ್ ಶಕ್ತಿಯ ಪುಟ್ಟ ಎಫ್‌ಎಂ ಕೇಂದ್ರಗಳಲ್ಲಿ ಕೆಲವನ್ನು ಚರ್ಚುಗಳೂ ನೆರೆಹೊರೆಯ ಸಂಘಗಳೂ ನಡೆಸುತ್ತಿವೆ; ನಿಮ್ಮ ಕೇಂದ್ರಕ್ಕೆ ಹೋಲಿಕೆ ಅಲ್ಲಿ ಸಿಗುತ್ತದೆ.

ನನ್ನ ಮುಖ್ಯ ಮಾತು ನಂಬಿಕೆಯದು. ಅಲಬಾಮದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರಿ ಆರೋಗ್ಯ ಇಲಾಖೆಯವರು ಸಿಫಿಲಿಸ್ ಇದ್ದ ನೂರಾರು ಕಪ್ಪು ಗಂಡಸರಿಗೆ ಚಿಕಿತ್ಸೆ ನೀಡದೆ, ರೋಗ ಹೇಗೆ ಬೆಳೆಯುತ್ತದೆಂದು ಸುಮ್ಮನೆ ನೋಡುತ್ತ ಕುಳಿತರು. ಹಾಗಾಗಿ ಹೊಸ ಔಷಧವೆಂದರೆ ಇಲ್ಲಿನ ಹೆಂಗಸರು ಮೊದಲು ಕೇಳುವುದು, ಇದನ್ನು ಯಾರ ಮೇಲೆ ಪರೀಕ್ಷಿಸಿದ್ದೀರಿ ಎಂದು. 2019ರಲ್ಲಿ ಎರಡನೆಯ ಪ್ರೆಪ್ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಾಗ ಅದರ ಪರೀಕ್ಷೆಯಲ್ಲಿ ಹೆಣ್ಣಾಗಿ ಹುಟ್ಟಿದ ಮಹಿಳೆಯರನ್ನು ಸೇರಿಸಿಕೊಂಡಿರಲೇ ಇಲ್ಲ, ಅದರಿಂದಾಗಿ ಆ ಅನುಮತಿ ಅವರಿಗೆ ಅನ್ವಯಿಸಲಿಲ್ಲ. ನಿಮ್ಮ ಕೇಳುಗರಿಗೆ ಈ ಪ್ರಶ್ನೆಗೆ ಒಳ್ಳೆಯ ಉತ್ತರವಿದೆ. ಲೆನಕಾಪವಿರ್‌ನ ಆ ದೊಡ್ಡ ಪರೀಕ್ಷೆ ನಡೆದದ್ದು ದಕ್ಷಿಣ ಆಫ್ರಿಕಾ ಮತ್ತು ಉಗಾಂಡಗಳ ಯುವತಿಯರ ನಡುವೆಯೇ. ಹೊರಗಿನಿಂದ ತಂದು ಹೇರಿದ ವಸ್ತು ಇದಲ್ಲ, ಪರಿಣಾಮಕಾರಿ ಎಂದು ಜಗತ್ತಿಗೆ ತೋರಿಸಿಕೊಟ್ಟವರು ನಿಮ್ಮಂತಹ ಹೆಣ್ಣುಮಕ್ಕಳು ಎಂದು ಬಾನುಲಿಯಲ್ಲಿ ಹೇಳಿಸಿ.

ಬ್ಲೆಸರ್‌ಗಳ ವಿಷಯದಲ್ಲಿ ಹಿರಿಯರ ಆತಂಕ ಸರಿಯಾದದ್ದೇ. ಅದಕ್ಕೆ ಪರಿಹಾರ ಸುಮ್ಮನಿರುವುದಲ್ಲ, ಮಾತನ್ನು ಗಂಡಸಿನ ಕಡೆಗೆ ತಿರುಗಿಸುವುದು. ಕ್ವಾಜುಲು-ನಟಾಲ್‌ನಲ್ಲಿ ವೈರಾಣುವಿನ ವಂಶವಾಹಿಯನ್ನು ಹೋಲಿಸಿ ನೋಡಿದ ಅಧ್ಯಯನ 25ರೊಳಗಿನ ಯುವತಿಯರಿಗೆ ಸೋಂಕು ಹೆಚ್ಚಾಗಿ ತಮಗಿಂತ ಸರಾಸರಿ 8-9 ವರ್ಷ ಹಿರಿಯರಾದ ಗಂಡಸರಿಂದ ಬರುತ್ತಿದೆ ಎಂದು ಕಂಡುಕೊಂಡಿತು. ಆ ಗಂಡಸರಲ್ಲಿ ಎಷ್ಟೋ ಮಂದಿಗೆ ತಮ್ಮ ಸ್ಥಿತಿಯೇ ತಿಳಿದಿರುವುದಿಲ್ಲ. ಅವರು ಪರೀಕ್ಷೆ ಮಾಡಿಸಿಕೊಂಡು ಚಿಕಿತ್ಸೆ ಪಡೆದು, ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದರೆ ಲೈಂಗಿಕ ಸಂಪರ್ಕದಿಂದ ಸೋಂಕು ದಾಟುವುದಿಲ್ಲ. ಆದ್ದರಿಂದ ಸಂಜೆ ಗಂಡಸರೂ ಕೇಳುತ್ತಾರೆಂಬುದು ತೊಂದರೆಯೇನಲ್ಲ; ಸಂಜೆಯ ಕಂತನ್ನು ಅವರೂ ಕೇಳಲೆಂದೇ ಬರೆಯಿರಿ. ಡಬ್ಬಿ ಬಚ್ಚಿಡುವ ಉಪಾಯವನ್ನು ಮಾತ್ರ ಅಲ್ಲಿ ಹೇಳಬೇಡಿ! ಅಂತಹ ಮಾತುಗಳಿಗೆ ಬೆಳಗಿನ ಹೊತ್ತು, ಚಿಕಿತ್ಸಾಲಯದಲ್ಲಿ ಹೆಂಗಸರು ಸರದಿಗಾಗಿ ಕಾಯುವ ಕೋಣೆಯಲ್ಲಿ ಕೇಳಿಸುವ ಮರುಪ್ರಸಾರ ಒಳ್ಳೆಯದು.

ಉತ್ತರ 4: ಸಂವಹನ ಅಧ್ಯಾಪಕ, ಧಾರವಾಡ

ಹುಬ್ಬಳ್ಳಿಯ ವೈದ್ಯರ ಆಕ್ಷೇಪಕ್ಕೆ ಭಾಗಶಃ ಉತ್ತರವೆಂಬಂತೆ ತಾಂಜಾನಿಯಾದ ಒಂದು ಉದಾಹರಣೆಯನ್ನು ಗಮನಕ್ಕೆ ತರಬಯಸುತ್ತೇನೆ. 1993ರಲ್ಲಿ ರೇಡಿಯೋ ತಾಂಜಾನಿಯಾ ‘ಟ್ವೆಂಡೆ ನಾ ವಕಾಟಿ’ ಎಂಬ ಧಾರಾವಾಹಿ ನಾಟಕವನ್ನು ಪ್ರಾರಂಭಿಸಿದಾಗ ದೊಡೊಮಾ ಪ್ರದೇಶದಲ್ಲಿ ಮಾತ್ರ ಎರಡು ವರ್ಷ ಅದನ್ನು ಪ್ರಸಾರ ಮಾಡಲಿಲ್ಲ. ಇದರಿಂದ ನಾಟಕ ಕೇಳಿದ ಪ್ರದೇಶಗಳನ್ನೂ ಕೇಳದ ಪ್ರದೇಶವನ್ನೂ ಹೋಲಿಸುವ ಅಪರೂಪದ ಅವಕಾಶ ಒದಗಿತು. ಕೇಳಿದ ಕಡೆ ಸಂಗಾತಿಗಳ ಸಂಖ್ಯೆ ಇಳಿದು ಕಾಂಡೋಮ್ ಬಳಕೆ ಏರಿದ್ದನ್ನು ಸಂಶೋಧಕರು ದಾಖಲಿಸಿದರು. ಊರೂರು ಅಲೆಯುವ ಲಾರಿ ಚಾಲಕನೊಬ್ಬನಿಗೆ ಏಡ್ಸ್ ಬರುವುದು, ಅವನ ಹೆಂಡತಿ ಅವನನ್ನು ಬಿಟ್ಟು ಸ್ವಂತ ವ್ಯಾಪಾರ ಕಟ್ಟಿಕೊಳ್ಳುವುದು ಆ ನಾಟಕದ ಒಂದು ಎಳೆ. ಸಂಶೋಧಕರು ಅಳೆದದ್ದು ನಡವಳಿಕೆಯನ್ನೇ ಹೊರತು ಸೋಂಕಿನ ಪ್ರಮಾಣವನ್ನಲ್ಲ ಎಂಬುದನ್ನು ವೈದ್ಯರು ನೆನಪಿಸುವ ಮುನ್ನ ನಾನೇ ಹೇಳಿಬಿಡುತ್ತೇನೆ. ಅಲ್ಲದೆ ಅದು ವರ್ಷಗಟ್ಟಲೆ, ವಾರಕ್ಕೆ ಎರಡು ಬಾರಿ, ರಾಷ್ಟ್ರೀಯ ಕೇಂದ್ರದಿಂದ ಹರಿದುಬಂದ ಕಥೆ. ನಿಮ್ಮ ಅರ್ಧ ಗಂಟೆಯಿಂದ ಅಷ್ಟನ್ನು ನಿರೀಕ್ಷಿಸುವಂತಿಲ್ಲ.

ಆದರೂ ನಾಟಕದ ರೂಪ ನಿಮಗೆ ಒಗ್ಗುತ್ತದೆ ಎಂದು ನನ್ನ ಅಭಿಪ್ರಾಯ. ಬ್ಲೆಸರ್ ಸಮಸ್ಯೆಯನ್ನು ಚರ್ಚೆಯಾಗಿ ಇಟ್ಟರೆ ಯಾರದೋ ಮಗಳ ಕಡೆಗೆ ಬೆರಳು ಹೋಗುತ್ತದೆ, ಪಾತ್ರವಾಗಿ ಇಟ್ಟರೆ ಕೇಳುಗರು ಆ ಪಾತ್ರದ ಕುರಿತು ಜಗಳವಾಡುತ್ತಾರೆ. ದಕ್ಷಿಣ ಆಫ್ರಿಕಾದ ಸೋಲ್ ಸಿಟಿ ಸಂಸ್ಥೆ 1999ರಲ್ಲಿ ತನ್ನ ಧಾರಾವಾಹಿಯಲ್ಲಿ, ಹೆಂಡತಿಯನ್ನು ಹೊಡೆಯುವವನ ಮನೆಯ ಮುಂದೆ ನೆರೆಯವರು ಪಾತ್ರೆ ಬಡಿದು ಪ್ರತಿಭಟಿಸುವ ದೃಶ್ಯವನ್ನು ತೋರಿಸಿದ ಮೇಲೆ ನಿಜಜೀವನದಲ್ಲಿಯೂ ಜನ ಹಾಗೆ ಮಾಡಿದ್ದು ವರದಿಯಾಗಿದೆ. ಭಾಷಣದಿಂದ ಅದು ಸಾಧ್ಯವಾಗುತ್ತಿತ್ತೆಂದು ನನಗನಿಸುವುದಿಲ್ಲ. ಆ ಹತ್ತಿ ತುರುಕಿದ ಡಬ್ಬಿಯ ಹೆಂಗಸಿಗೆ ಸಂಭಾಷಣೆ ಬರೆಯುವ ಕೆಲಸವನ್ನೇ ವಹಿಸಿ ನೋಡಿ.

ಅಳತೆಯ ವಿಷಯದಲ್ಲಿ ದೊಡ್ಡ ಸಮೀಕ್ಷೆಯ ಗೊಡವೆ ಬೇಡ. ದಾದಿಯ ಒಪ್ಪಿಗೆ ಪಡೆದು, ಪ್ರೆಪ್ ಕೇಳಿಕೊಂಡು ಬಂದವರನ್ನು ಎಲ್ಲಿಂದ ತಿಳಿಯಿತೆಂದು ಮಾತ್ರ ಕೇಳಿ, ಹೆಸರನ್ನು ಬರೆಯದೆ ಗೆರೆ ಹಾಕಿಕೊಳ್ಳಲಿ. ಮೊದಲ ಬಾರಿ ಬಂದವರ ಸಾಲು ಒಂದು, ಎರಡನೆಯ ಬಾರಿ ಔಷಧಕ್ಕೆ ಮರಳಿದವರ ಸಾಲು ಇನ್ನೊಂದು. ‘ವಾಯ್ಸ್’ ಪರೀಕ್ಷೆಯ ಅನುಭವವನ್ನು ನೆನೆದರೆ ಎರಡನೆಯ ಸಾಲೇ ಮುಖ್ಯ. ಅದು ಬೆಳೆಯದಿದ್ದರೆ ಔಷಧ ಮುಗಿದಿತ್ತೇ, ಮನೆಯಲ್ಲಿ ಜಗಳವಾಯಿತೇ, ಅಥವಾ ಕಂತಿನಲ್ಲಿ ಹೇಳಿದ ಮಾತೇ ಅಸ್ಪಷ್ಟವಾಗಿತ್ತೇ ಎಂದು ಗುಂಪಿನವರು ವಿಚಾರಿಸಿ ತಿಳಿದುಕೊಂಡು ಮುಂದಿನ ಕಂತನ್ನು ಬರೆಯಬಹುದು.